ಎದೆಯ ಮೇಲೆ ಬರೆದುಕೊಂಡವರು

(ವಿದ್ಯಾರ್ಥಿ ನಿಲಯದ ಗೆಳೆಯರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಾವು ಡಾಕ್ಟರಲ್ಲ. ಬಿ.ಎ. ಓದಿ ಕವಿತೆ ಬರಕೊಂಡು ತಿರುಗೋ ಜನ. ಏಡ್ಸ್ ಬಗ್ಗೆ ಮಾತಾಡಿ ಅಂತ ಶಿಬಿರದೋರು ಕೇಳಿದಾಗ ಹಿಂಜರಿದೆವು. ಆಮೇಲೆ ಅನ್ನಿಸಿತು, ಈ ಹಿಂಜರಿಕೆ ಬಂತಲ್ಲ, ಮೊದಲು ಇದರ ಬಗ್ಗೇನೇ ಮಾತಾಡಬೇಕು ಅಂತ.

ನಾವು ಹಾಸ್ಟೆಲಿನಲ್ಲಿದ್ದಾಗ ಒಂದು ಸಲ ಈ ವಿಷಯದ ಮೇಲೆ ಭಾಷಣ ನಡೆಯಿತು. ಬಂದವರು ಗೋಡೆಗೆ ಚಿತ್ರಪಟ ನೇತುಹಾಕಿ ಕಡ್ಡಿ ಹಿಡಿದು ತೋರಿಸಿದರು. ಅರ್ಧ ಗಂಟೆಯಲ್ಲಿ ಮುಗಿಸಿ, ಪ್ರಶ್ನೆ ಇದ್ದರೆ ಕೇಳಿ ಅಂದರು. ಒಬ್ಬನೂ ಬಾಯಿ ಬಿಡಲಿಲ್ಲ. ಕೇಳಿದರೆ 'ಇವನಿಗ್ಯಾಕಪ್ಪಾ ಇದು ಬೇಕು' ಅಂತ ಪಕ್ಕದವನು ನೋಡ್ತಾನೆ. ಬಂದವರು ಜೀಪು ಹತ್ತಿ ಹೋದರು. ನಾವು ಕಿಸಿಕಿಸಿ ನಗುತ್ತ ತಟ್ಟೆ ಹಿಡಿದು ಊಟಕ್ಕೆ ಹೋದೆವು. ಭಾಷಣ ಆಯಿತು ಅಂತ ರಿಜಿಸ್ಟರಿನಲ್ಲಿ ಬರೆದಿರ್ತಾರೆ. ನಮಗೆ ಮಾತ್ರ ಏನೂ ತಿಳಿಯಲಿಲ್ಲ.

ಹಾಗಾಗಿ ಇವತ್ತು ನಾವು ಚಿತ್ರಪಟ ತಂದಿಲ್ಲ. ಇದೇ ವಿಷಯವನ್ನು ಬೇರೆ ಒಂದು ದೇಶದ ಬಡ ಹುಡುಗ ಹುಡುಗಿಯರು ತಮ್ಮ ಜನಕ್ಕೆ ಹೇಗೆ ಹೇಳಿದರು ಅನ್ನೋದನ್ನ ಹೇಳ್ತೀವಿ. ದೇಶ ದಕ್ಷಿಣ ಆಫ್ರಿಕ. ನಾವು ಅಲ್ಲಿಗೆ ಹೋಗಿ ನೋಡಿದವರಲ್ಲ, ಓದಿ ತಿಳಿದವರು. ಆದರೆ ಓದುವಾಗ ಅದು ದೂರದ ದೇಶ ಅಂತ ನಮಗೆ ಅನ್ನಿಸಲಿಲ್ಲ.

ಅಲ್ಲಿ ಬಿಳಿಯರ ಆಳ್ವಿಕೆ 1994ರವರೆಗೆ ಇತ್ತು. ನಗರ ಬಿಳಿಯರದು. ನಗರದಲ್ಲಿ ದುಡಿಯೋ ಕರಿಯರು ರಾತ್ರಿಯಾದರೆ ಊರಾಚೆಗೆ ಹೋಗಬೇಕು. ಆ ಊರಾಚೆಯ ಜಾಗಕ್ಕೆ ಟೌನ್‌ಶಿಪ್ ಅಂತಾರೆ. ಹೆಸರು ಕೇಳಿ ಹೊಸ ಬಡಾವಣೆ ಅಂದ್ಕೋಬೇಡಿ. ಅದು ಕೇರಿ. ಕೇಪ್‌ಟೌನ್ ನಗರದ ಹೊರಗೆ, ಮರಳು ಬಯಲಿನ ಮೇಲೆ, 1980ರ ದಶಕದಲ್ಲಿ ಎಬ್ಬಿಸಿದ ಅಂಥ ಒಂದು ಕೇರಿಯ ಹೆಸರು ಖಾಯೆಲಿಟ್ಶಾ. ಖೋಸಾ ಭಾಷೆಯಲ್ಲಿ 'ಹೊಸ ಮನೆ' ಅಂತ ಅರ್ಥ. ತಗಡಿನ ಗುಡಿಸಲುಗಳ ಸಾಲಿಗೆ ಇಟ್ಟ ಹೆಸರು ಅದು.

ಇನ್ನೊಂದು ಕಡೆ ಚಿನ್ನದ ಗಣಿಗಳು. ಗಣಿ ಕಂಪನಿಗಳು ಹಳ್ಳಿಗಳಿಂದ ಕರಿಯ ಗಂಡಸರನ್ನು ತಂದು, ಬರೀ ಗಂಡಸರ ಹಾಸ್ಟೆಲುಗಳಲ್ಲಿ ತುಂಬಿದವು. ಹೆಂಡತಿಯನ್ನು ಕರಕೊಂಡು ಬರೋ ಹಾಗಿಲ್ಲ. ವರ್ಷದ ಬಹುಪಾಲು ಅಲ್ಲೇ ದುಡಿದು ಊರಿಗೆ ಹೋಗಿ ಬರಬೇಕು. ಸಂಸಾರವನ್ನು ಹೀಗೆ ಸೀಳಿ ಇಟ್ಟ ಮೇಲೆ ಕಾಯಿಲೆ ಯಾವ ದಾರಿಯಲ್ಲಿ ನಡೆಯಿತು ಅಂತ ಬೇರೆ ಹೇಳಬೇಕಿಲ್ಲ. 1990ರಲ್ಲಿ ಆ ದೇಶದ ಸರ್ಕಾರಿ ಕ್ಲಿನಿಕ್ಕುಗಳಿಗೆ ಬರೋ ನೂರು ಬಸುರಿಯರಲ್ಲಿ ಒಬ್ಬರಿಗೂ ಪೂರ್ತಿ ಲೆಕ್ಕ ಸಿಗದಷ್ಟು ಕಡಿಮೆ ಎಚ್‌ಐವಿ ಇತ್ತು. 1998ಕ್ಕೆ ಅದು ನೂರಕ್ಕೆ 22 ದಾಟಿತು. ಎಂಟೇ ವರ್ಷ. ಇದನ್ನ ನೋಡಿ 'ಕರಿಯರ ನಡತೆ ಸರಿಯಿಲ್ಲ' ಅಂದವರಿದ್ದರು. ಗಣಿಯ ಹಾಸ್ಟೆಲ್ ಕಟ್ಟಿದವರ ನಡತೆ ಬಗ್ಗೆ ಅವರು ಕೇಳಲಿಲ್ಲ.

ಈಗ ಒಬ್ಬ ಹೆಣ್ಣುಮಗಳ ಹೆಸರು ಹೇಳ್ತೀವಿ, ನೆನಪಿಟ್ಟುಕೊಳ್ಳಿ. ಗುಗು ಡ್ಲಾಮಿನಿ. ಡರ್ಬನ್ ನಗರದ ಹತ್ತಿರದ ಕ್ವಾಮಾಶು ಅನ್ನೋ ಕೇರಿಯಾಕೆ. ಎಚ್‌ಐವಿ ಇದ್ದವರ ಸಂಘಟನೆಯಲ್ಲಿ ಸ್ವಯಂಸೇವಕಿ. ಮನೆ ಮನೆಗೆ ಹೋಗಿ ಕಾಯಿಲೆ ಬಗ್ಗೆ ತಿಳಿಸೋದು ಆಕೆಯ ಕೆಲಸ. 1998ರ ಡಿಸೆಂಬರ್ 1, ವಿಶ್ವ ಏಡ್ಸ್ ದಿನ, ಆಕೆ ಎಲ್ಲರೂ ಕೇಳೋ ಹಾಗೆ ನನಗೂ ಎಚ್‌ಐವಿ ಇದೆ ಅಂದಳು. ಕೆಲವೇ ವಾರದೊಳಗೆ ಅದೇ ಕೇರಿಯ ಗುಂಪು ಆಕೆಯನ್ನು ಹೊಡೆದು ಕೊಂದಿತು. ಕೇರಿಯ ಮಾನ ತೆಗೆದಳು ಅಂತ ಅವರ ಸಿಟ್ಟು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೊಂದವರು ಬಿಳಿಯರಲ್ಲ. ಪೊಲೀಸರಲ್ಲ. ತುಳಿಸಿಕೊಂಡ ಜನವೇ ತಮ್ಮವಳೊಬ್ಬಳನ್ನು ಮುಟ್ಟಬಾರದವಳು ಅಂತ ಮಾಡಿ ಕೊಂದರು. ಮುಟ್ಟಬಾರದು ಅನ್ನೋ ಮಾತಿನ ಪೆಟ್ಟು ಏನು ಅಂತ ಇಲ್ಲಿ ಕೂತ ಯಾರಿಗೂ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಆ ಪೆಟ್ಟು ತಿಂದವರ ಕೈಯೂ ಇನ್ನೊಬ್ಬರ ಮೇಲೆ ಏಳುತ್ತೆ ಅನ್ನೋದನ್ನ ಒಪ್ಪಿಕೊಳ್ಳದೆ ನಾವು ಮುಂದಕ್ಕೆ ಹೋಗೋ ಹಾಗಿಲ್ಲ.

ಅದೇ ತಿಂಗಳು, 1998ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ, ಕೇಪ್‌ಟೌನಿನ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಬೆರಳೆಣಿಕೆಯ ಜನ ಕೂತು ಒಂದು ಚಳವಳಿ ಶುರು ಮಾಡಿದರು. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅಂತ ಹೆಸರು, ಅಂದರೆ ಚಿಕಿತ್ಸೆಗಾಗಿ ಹೋರಾಟ. ಮುಂದಾಳು ಝ್ಯಾಕಿ ಅಖ್ಮತ್. ವರ್ಣಭೇದದ ವಿರುದ್ಧ ಹುಡುಗನಾಗಿದ್ದಾಗಲೇ ಜೈಲು ಕಂಡವನು, ತನಗೂ ಎಚ್‌ಐವಿ ಇದೆ ಅಂತ ಹೇಳಿಕೊಂಡವನು. ಸೇರಿದವರಲ್ಲಿ ಬಹಳ ಜನ ಖಾಯೆಲಿಟ್ಶಾದಂಥ ಕೇರಿಗಳ ಕೆಲಸವಿಲ್ಲದ ಹುಡುಗಿಯರು, ಹುಡುಗರು.

ಗುಗು ಸತ್ತ ಮೇಲೆ ಇವರು ಒಂದು ಕೆಲಸ ಮಾಡಿದರು. ಬಿಳಿ ಬನಿಯನ್ ಅಂಗಿ ಮಾಡಿಸಿದರು. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ 'ಎಚ್‌ಐವಿ ಪಾಸಿಟಿವ್' ಅಂತ ಅಚ್ಚು ಹಾಕಿಸಿದರು. ಕಾಯಿಲೆ ಇದ್ದವರೂ ತೊಟ್ಟರು, ಇಲ್ಲದವರೂ ತೊಟ್ಟರು. ಬಸ್ಸಿನಲ್ಲಿ, ಸಂತೆಯಲ್ಲಿ, ಮೆರವಣಿಗೆಯಲ್ಲಿ ಎಲ್ಲ ಕಡೆ ಅದೇ ಅಂಗಿ. ಯಾರಿಗಿದೆ, ಯಾರಿಗಿಲ್ಲ, ನೋಡೋರಿಗೆ ಗೊತ್ತಾಗೋದಿಲ್ಲ. ಹೊಡೆಯೋದಿದ್ದರೆ ಎಲ್ಲರನ್ನೂ ಹೊಡೆಯಿರಿ ಅಂತ ಅರ್ಥ. 2002ರ ಡಿಸೆಂಬರಿನಲ್ಲಿ ನೆಲ್ಸನ್ ಮಂಡೇಲಾ ಖಾಯೆಲಿಟ್ಶಾದ ಕ್ಲಿನಿಕ್ಕಿಗೆ ಬಂದು ಅದೇ ಅಂಗಿ ತೊಟ್ಟರು.

ಈ ಸ್ವಯಂಸೇವಕರು ಪಾಠ ಹೇಳಿದ್ದು ಎಲ್ಲಿ? ಕ್ಲಿನಿಕ್ಕಿನ ಬೆಂಚಿನ ಮುಂದೆ. ಬೆಳಿಗ್ಗೆಯೇ ಬಂದು ಸರದಿಗೆ ಕಾಯೋ ಜನದ ಎದುರು ನಿಂತು, ಅವರದೇ ಭಾಷೆಯಲ್ಲಿ ಮಾತಾಡಿದರು. ಶಾಲೆಗೆ ಹೋದರು, ಚರ್ಚಿಗೆ ಹೋದರು, ರೈಲು ನಿಲ್ದಾಣದಲ್ಲಿ ನಿಂತರು. ಬಾಯಿಪಾಠ ಒಪ್ಪಿಸಲಿಲ್ಲ. ರಕ್ತದಲ್ಲಿ ವೈರಸ್ ಏನು ಮಾಡುತ್ತೆ, ಮಾತ್ರೆ ಅದನ್ನ ಎಲ್ಲಿ ತಡೆಯುತ್ತೆ ಅನ್ನೋದನ್ನೆಲ್ಲ ಮೊದಲು ತಾವು ಕಲಿತು, ಆಮೇಲೆ ಕಲಿಸಿದರು. 2002ರಲ್ಲಿ ಖಾಯೆಲಿಟ್ಶಾದ ಕೆಲವು ಹೆಂಗಸರು ದೊಡ್ಡ ಕಾಗದದ ಮೇಲೆ ಅಂಗಾತ ಮಲಗಿ, ತಮ್ಮ ಮೈಯ ಸುತ್ತ ಗೆರೆ ಎಳೆಸಿಕೊಂಡು, ಆ ಆಕಾರದೊಳಗೆ ವೈರಸ್ಸನ್ನೂ, ಮಾತ್ರೆಯನ್ನೂ, ಹೆರಿಗೆಯ ಗಾಯವನ್ನೂ ಬಣ್ಣದಲ್ಲಿ ಬರೆದರು. ನಮ್ಮ ಹಾಸ್ಟೆಲಿಗೆ ಬಂದ ಚಿತ್ರಪಟದಲ್ಲಿದ್ದ ಮೈ ಯಾರದೂ ಅಲ್ಲ. ಇವರು ಬರೆದದ್ದು ತಮ್ಮದೇ ಮೈ.

ಅವರು ಹೇಳಿಕೊಟ್ಟದ್ದನ್ನ ನಾವೂ ಇಲ್ಲಿ ಬಿಡಿಸಿ ಹೇಳ್ತೀವಿ. ಯಾರೂ ತಲೆ ತಗ್ಗಿಸಬೇಡಿ.

ಎಚ್‌ಐವಿ ಮುಟ್ಟಿದರೆ ಬರೋದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಹಾಸಿಗೆಯಲ್ಲಿ ಒತ್ತಿಗೆ ಮಲಗಿದರೆ, ಸೊಳ್ಳೆ ಕಚ್ಚಿದರೆ ಬರೋದಿಲ್ಲ. ಬರೋದು ನಾಲ್ಕು ದಾರಿಯಲ್ಲಿ. ರಕ್ಷಣೆಯಿಲ್ಲದೆ ಕೂಡಿದರೆ, ಗಂಡು ಹೆಣ್ಣಾದರೂ ಸರಿ, ಗಂಡು ಗಂಡಾದರೂ ಸರಿ. ಸೋಂಕಿದ ರಕ್ತ ಕೊಟ್ಟರೆ. ಒಬ್ಬರು ಚುಚ್ಚಿಕೊಂಡ ಸೂಜಿಯನ್ನ ಇನ್ನೊಬ್ಬರು ಚುಚ್ಚಿಕೊಂಡರೆ. ತಾಯಿಯಿಂದ ಮಗುವಿಗೆ, ಬಸಿರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ. ನಿರೋಧ್ ಸರಿಯಾಗಿ, ಪ್ರತಿ ಸಲ ಬಳಸಿದರೆ ಮೊದಲನೇ ದಾರಿ ಬಹುಮಟ್ಟಿಗೆ ಮುಚ್ಚುತ್ತೆ. ರಕ್ತ ಪರೀಕ್ಷೆ ಮಾಡಿಸದೆ ಯಾರಿಗೂ ತನಗಿದೆಯೋ ಇಲ್ಲವೋ ತಿಳಿಯೋದಿಲ್ಲ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೂ ಅದು ಕಾಣದೇ ಇರಬಹುದು. ಅದಕ್ಕೇ ಅವರು ಹೇಳಿದಷ್ಟು ದಿನ ಬಿಟ್ಟು ಮತ್ತೆ ಮಾಡಿಸಬೇಕು. ಅಪಾಯ ನಡೆದುಹೋಯಿತು ಅನ್ನಿಸಿದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿದರೆ, 28 ದಿನ ಮಾತ್ರೆ ನುಂಗಿ ಸೋಂಕನ್ನ ತಡೆಯೋದು ಸಾಧ್ಯ. ಸೋಂಕು ಇದ್ದವರು ದಿನಾ ತಪ್ಪದೆ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೇ ಉಳಿದರೆ, ಕೂಡಿದವರಿಗೆ ಅವರಿಂದ ಸೋಂಕು ಹರಡೋದಿಲ್ಲ. ಇದನ್ನ ಇನ್ನೊಂದು ಸಲ ಹೇಳ್ತೀವಿ, ಹರಡೋದಿಲ್ಲ.

ಈ ಕಡೇ ಮಾತಿನಲ್ಲೇ ಹೋರಾಟ ಇರೋದು. ಮಾತ್ರೆ ಸಿಗದ ಜನಕ್ಕೆ 'ಎಚ್ಚರವಾಗಿರಿ, ಪರೀಕ್ಷೆ ಮಾಡಿಸಿ' ಅಂತ ಬರೀ ಬುದ್ಧಿ ಹೇಳಿದರೆ ಅವರು ಯಾಕೆ ಕೇಳ್ತಾರೆ? ಪರೀಕ್ಷೆಯಲ್ಲಿ ಇದೆ ಅಂತ ಬಂದರೆ ಸಾಯೋ ದಿನ ಎಣಿಸೋದಷ್ಟೇ ಆಗಿತ್ತು. ಆಗ ಒಬ್ಬ ಮನುಷ್ಯನ ಒಂದು ವರ್ಷದ ಮಾತ್ರೆಗೆ ಕಂಪನಿಗಳ ಬೆಲೆ 10,000 ಡಾಲರಿಗೂ ಮೇಲೆ. ನ್ಯಾಂಗಾ ಅನ್ನೋ ಕೇರಿಯ ಕ್ರಿಸ್ಟೋಫರ್ ಮೊರಾಕಾ ಅನ್ನೋ ಸ್ವಯಂಸೇವಕ ಬಾಯಿ ಗಂಟಲೆಲ್ಲ ಹುಣ್ಣಾಗಿ ಅನ್ನ ನುಂಗಲಾರದೆ 2000ದಲ್ಲಿ ಸತ್ತ. ಆ ಹುಣ್ಣಿಗೆ ಔಷಧ ಇತ್ತು. ಕೊಳ್ಳೋ ದುಡ್ಡು ಇರಲಿಲ್ಲ. ಅದೇ ಔಷಧ ಥಾಯ್ಲೆಂಡಿನಲ್ಲಿ ಅಗ್ಗ. ಅಖ್ಮತ್ ಅಲ್ಲಿಗೆ ಹೋಗಿ ಕೊಂಡು, ಪೇಟೆಂಟ್ ಕಾನೂನನ್ನು ಬೇಕೆಂದೇ ಮುರಿದು, ಎಲ್ಲರಿಗೂ ಹೇಳಿ ತಂದ. ಆ ಸತ್ಯಾಗ್ರಹಕ್ಕೆ ಮೊರಾಕಾನ ಹೆಸರಿಟ್ಟರು. ಅಗ್ಗದ ಔಷಧ ತರೋ ಕಾನೂನಿನ ವಿರುದ್ಧ 39 ಔಷಧ ಕಂಪನಿಗಳು ಸರ್ಕಾರದ ಮೇಲೆ ಹಾಕಿದ್ದ ದಾವೆಯನ್ನ 2001ರ ಏಪ್ರಿಲಿನಲ್ಲಿ ವಾಪಸು ತಗೊಂಡವು. ಬೀದಿಯಲ್ಲಿ ಜನ ಅಷ್ಟು ನಿಂತಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಮೂರು ಔಷಧವನ್ನ ವರ್ಷಕ್ಕೆ 350 ಡಾಲರಿಗೆ ಕೊಡ್ತೀವಿ ಅಂತ ಹೇಳಿ ಬೆಲೆಯ ಕೋಟೆ ಒಡೆದಿತ್ತು.

2001ರಲ್ಲೇ 'ಗಡಿಯಿಲ್ಲದ ವೈದ್ಯರು' ಅನ್ನೋ ಸಂಸ್ಥೆ ಖಾಯೆಲಿಟ್ಶಾದ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಈ ಚಿಕಿತ್ಸೆ ಶುರು ಮಾಡಿತು. ಆಗ ಅಮೆರಿಕದ ಸರ್ಕಾರಿ ನೆರವು ಸಂಸ್ಥೆಯ ಮುಖ್ಯಸ್ಥ ಏನೆಂದ ಗೊತ್ತೆ? ಆಫ್ರಿಕದವರಿಗೆ ಗಡಿಯಾರದ ಹೊತ್ತು ತಿಳಿಯೋದಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗೋದು ಅವರಿಂದ ಆಗೋದಲ್ಲ ಅಂದ. ಈ ಜನಕ್ಕೆ ಇದು ತಲೆಗೆ ಹತ್ತೋದಲ್ಲ ಅನ್ನೋ ಮಾತನ್ನ ನಾವೂ ಕ್ಲಾಸಿನಲ್ಲಿ ಕೂತು ಕೇಳಿದ್ದೀವಿ. ಖಾಯೆಲಿಟ್ಶಾದ ತಗಡಿನ ಮನೆಗಳ ಜನ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಮೈ ತುಂಬಿಕೊಂಡು, ಎದ್ದು ಓಡಾಡಿ ಉತ್ತರ ಕೊಟ್ಟರು.

ಅವರದೇ ಸರ್ಕಾರ ಅಡ್ಡ ನಿಂತದ್ದನ್ನೂ ಹೇಳಬೇಕು. ಅಧ್ಯಕ್ಷ ಥಾಬೊ ಎಂಬೆಕಿ, ಏಡ್ಸಿಗೆ ವೈರಸ್ ಕಾರಣ ಅನ್ನೋದನ್ನೇ ಅನುಮಾನಿಸಿದ. ಆರೋಗ್ಯ ಮಂತ್ರಿಣಿ ಬೆಳ್ಳುಳ್ಳಿ, ಬೀಟ್‌ರೂಟು, ನಿಂಬೆಹಣ್ಣು ತಿನ್ನಿ ಅಂದಳು. ಬಿಡುಗಡೆಗೆ ಹೋರಾಡಿದ ಪಕ್ಷದ ಸರ್ಕಾರವೇ ಅದು. ನಮ್ಮವರೇ ಗದ್ದುಗೆ ಮೇಲೆ ಕೂತಿದ್ದಾರೆ, ಸುಮ್ಮನಿರೋಣ ಅಂತ ಆ ಹುಡುಗರು ಸುಮ್ಮನಿರಲಿಲ್ಲ. ತಾಯಿಯಿಂದ ಮಗುವಿಗೆ ಸೋಂಕು ಹೋಗದಂತೆ ತಡೆಯೋ ಔಷಧ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಕೊಡಿ ಅಂತ ಕೋರ್ಟಿಗೆ ಹೋದರು. 2002ರ ಜುಲೈ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 2004ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಏಡ್ಸ್ ಚಿಕಿತ್ಸೆ ಶುರುವಾಯಿತು. ಆದರೆ ತಡವಾದದ್ದಕ್ಕೆ ಬೆಲೆ ತೆತ್ತಾಗಿತ್ತು. 2000ದಿಂದ 2005ರವರೆಗಿನ ವಿಳಂಬಕ್ಕೆ 3 ಲಕ್ಷ 30 ಸಾವಿರಕ್ಕೂ ಹೆಚ್ಚು ಜೀವ ಹೋದವು ಅಂತ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಕಟ್ಟಿದರು.

ಹೊರದೇಶದಿಂದ ಬಂದ ಸ್ವಯಂಸೇವಕರೂ ಇದ್ದರಲ್ಲ, ಅವರು ಏನೂ ಮಾಡಲಿಲ್ಲವೆ ಅಂತ ಕೇಳಬಹುದು. ಮಾಡಿದರು. ದಕ್ಷಿಣ ಆಫ್ರಿಕದ ಪಕ್ಕದ ಜಿಂಬಾಬ್ವೆಯ ಬುಲವಾಯೊ ಅನ್ನೋ ಊರಿನಲ್ಲಿ ಟಾಮಿ ಕ್ಲಾರ್ಕ್ ಅನ್ನೋ ಹೊರದೇಶದವನು ಹಿಂದೆ ಫುಟ್‌ಬಾಲ್ ಆಡಿದ್ದ. ಜೊತೆಗೆ ಆಡಿದವರು ಒಬ್ಬೊಬ್ಬರೇ ಸತ್ತರು. ಯಾಕೆ ಸತ್ತರು ಅಂತ ಯಾರೂ ಬಾಯಿ ಬಿಡ್ತಿರಲಿಲ್ಲ. 2002ರಲ್ಲಿ ಅವನೂ, ಆ ಊರಿನ ಆಟಗಾರರೂ ಸೇರಿ ಗ್ರಾಸ್‌ರೂಟ್ ಸಾಕರ್ ಅನ್ನೋ ಸಂಸ್ಥೆ ಕಟ್ಟಿದರು. ಆಮೇಲೆ ಅದು ದಕ್ಷಿಣ ಆಫ್ರಿಕಕ್ಕೂ ಬಂತು. ಹೊರಗಿನವನು ತಾನೇ ಮೇಷ್ಟ್ರಾಗಿ ನಿಲ್ಲಲಿಲ್ಲ, ಅದೇ ಊರಿನ ಹುಡುಗ ಹುಡುಗಿಯರನ್ನ ಕೋಚುಗಳಾಗಿ ನಿಲ್ಲಿಸಿದ. ಇದನ್ನ ಗಮನಿಸಿ. ಹೊರಗಿನವನಿಗೆ ವಾಪಸು ಹೋಗೋ ಟಿಕೇಟು ಇರುತ್ತೆ. ಸಂಜೆ ಏಳು ಗಂಟೆಗೆ ಒಬ್ಬ ಹುಡುಗಿಗೆ ಭಯವಾಗಿ ಬಾಗಿಲು ತಟ್ಟಬೇಕಾದರೆ, ಅದೇ ಬೀದಿಯಲ್ಲಿ ಇರೋ ಕೋಚಿನ ಬಾಗಿಲನ್ನೇ ತಟ್ಟೋದು.

ಅವರ ಒಂದು ಆಟ ಹೇಳ್ತೀವಿ. ಎರಡು ಸಾಲಾಗಿ ಎದುರುಬದುರು ನಿಲ್ತಾರೆ. ಒಂದು ಸಾಲಿನವರು ಭುಜಕ್ಕೆ ಭುಜ ತಾಗಿಸಿ, ಬೆನ್ನ ಹಿಂದೆ ಕೈಯಿಂದ ಕೈಗೆ ಸಣ್ಣ ಚೆಂಡು ಸಾಗಿಸ್ತಾರೆ. ನಿಲ್ಲಿ ಅಂದಾಗ ಚೆಂಡು ಯಾರ ಕೈಲಿದೆ ಅಂತ ಎದುರು ಸಾಲಿನವರು ಮುಖ ನೋಡಿ ಹೇಳಬೇಕು. ತಪ್ಪಾಗುತ್ತೆ, ಎಲ್ಲ ನಗ್ತಾರೆ. ಆಮೇಲೆ ಕೋಚು ಹೇಳ್ತಾನೆ, ಆ ಚೆಂಡೇ ಎಚ್‌ಐವಿ ಅಂದ್ಕೊಳ್ಳಿ. ಮುಖ ನೋಡಿ ಹೇಳೋಕ್ಕಾಯಿತಾ? ಇಷ್ಟೇ ಪಾಠ. ನಮ್ಮ ಹಾಸ್ಟೆಲಿನ ಅರ್ಧ ಗಂಟೆಯ ಭಾಷಣಕ್ಕಿಂತ ಇದು ಹೆಚ್ಚು ಹೇಳುತ್ತೆ.

ಈಗ ಹುಡುಗರಿಗೆ ಒಂದು ಮಾತು. ದಕ್ಷಿಣ ಆಫ್ರಿಕದಲ್ಲಿ ನಿಮ್ಮ ವಯಸ್ಸಿನ ಹುಡುಗರಿಗಿಂತ ಹುಡುಗಿಯರಲ್ಲಿ ಈ ಸೋಂಕು ಬಹಳ ಹೆಚ್ಚು. ಹುಡುಗಿಯರಿಗೆ ತಿಳಿವಳಿಕೆ ಇಲ್ಲ ಅಂತಲ್ಲ. ವಯಸ್ಸಾದ, ದುಡ್ಡಿರೋ ಗಂಡಸಿನ ಎದುರು ನಿರೋಧ್ ಹಾಕು ಅಂತ ಹೇಳೋ ಶಕ್ತಿ ಬಡ ಹುಡುಗಿಗೆ ಇರೋದಿಲ್ಲ. ಲೋರ್ನಾ ಮ್ಲೊಫಾನಾ ಅಂತ ಖಾಯೆಲಿಟ್ಶಾದ ಹುಡುಗಿ, ಈ ಚಳವಳಿಯಲ್ಲಿ ಪಾಠ ಹೇಳೋಳು. 2003ರ ಡಿಸೆಂಬರಿನಲ್ಲಿ ಗಂಡಸರು ಆಕೆಯ ಮೇಲೆ ಅತ್ಯಾಚಾರ ಮಾಡಿದರು. ಎಚ್‌ಐವಿ ಇದೆ ಅಂತ ತಿಳಿದ ಮೇಲೆ ಹೊಡೆದು ಕೊಂದರು. ಆಕೆಯ ಗೆಳತಿಯರು ಮನೆಯಲ್ಲಿ ಅಳುತ್ತ ಕೂರಲಿಲ್ಲ. ವಿಚಾರಣೆ ನಡೆಯುವಾಗ ಕೋರ್ಟಿನ ಮುಂದೆ ಅದೇ ಅಂಗಿ ತೊಟ್ಟು ನಿಂತರು, ಅಪರಾಧಿಗಳಿಗೆ ಶಿಕ್ಷೆ ಆಗೋವರೆಗೆ. ತಡೆಗಟ್ಟೋದು ಅಂದರೆ ಹುಡುಗಿಗೆ ಎಚ್ಚರ ಹೇಳೋದು ಅಂತ ನಾವು ಅಂದ್ಕೊಂಡಿದ್ದೀವಿ. ಬೇಡ ಅಂದರೆ ಬೇಡ ಅನ್ನೋದನ್ನ ಹುಡುಗ ಕಲಿಯೋದೇ ಮೊದಲ ತಡೆ.

ಇವತ್ತು ಆ ದೇಶ ಎಲ್ಲಿದೆ? 2022ರ ಸಮೀಕ್ಷೆಯಂತೆ ಸುಮಾರು 78 ಲಕ್ಷ ಜನಕ್ಕೆ ಎಚ್‌ಐವಿ ಇತ್ತು. ಅವರಲ್ಲಿ ಬಹುಪಾಲು ಜನ ಮಾತ್ರೆ ತಗೊಂಡು ದುಡಿದು ಬದುಕ್ತಿದ್ದಾರೆ. ಸೋಂಕು ಬರದಂತೆ ಆರು ತಿಂಗಳಿಗೊಮ್ಮೆ ಚುಚ್ಚೋ ಲೆನಕಾಪವಿರ್ ಅನ್ನೋ ಹೊಸ ಔಷಧ ಬಂದಿದೆ. ದಕ್ಷಿಣ ಆಫ್ರಿಕ ಮತ್ತು ಉಗಾಂಡದ ಪ್ರಯೋಗದಲ್ಲಿ ಅದನ್ನ ಚುಚ್ಚಿಸಿಕೊಂಡ 2,134 ಹುಡುಗಿಯರಲ್ಲಿ ಒಬ್ಬಳಿಗೂ ಸೋಂಕು ತಗಲಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು. ಇದನ್ನ 2027ರಿಂದ ವರ್ಷಕ್ಕೆ 40 ಡಾಲರಿನಂತೆ ಬಡ ದೇಶಗಳಿಗೆ ಕೊಡ್ತೀವಿ ಅಂತ ಹೈದರಾಬಾದಿನ ಎರಡು ಕಂಪನಿಗಳು ಒಪ್ಪಿಕೊಂಡದ್ದು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದೇ 2025ರ ಜನವರಿಯಲ್ಲಿ ಅಮೆರಿಕದ ಸರ್ಕಾರ ವಿದೇಶಿ ನೆರವನ್ನ ತಟಕ್ಕನೆ ತಡೆಹಿಡಿದಿತ್ತು. ದಕ್ಷಿಣ ಆಫ್ರಿಕದ ಎಚ್‌ಐವಿ ಖರ್ಚಿನಲ್ಲಿ ನೂರಕ್ಕೆ ಸುಮಾರು 17 ಪಾಲು ಅಲ್ಲಿಂದ ಬರ್ತಿತ್ತು. ಸಾವಿರಾರು ಆರೋಗ್ಯ ಕಾರ್ಯಕರ್ತರು ಕೆಲಸ ಕಳಕೊಂಡರು, ಕೆಲವು ಕ್ಲಿನಿಕ್ಕುಗಳಿಗೆ ಬೀಗ ಬಿತ್ತು. ದೊರೆಯ ಕೈಯಿಂದ ಬಂದದ್ದನ್ನ ದೊರೆ ಒಂದೇ ರಾತ್ರಿಯಲ್ಲಿ ಕಿತ್ಕೋಬಹುದು. ಬೆಂಚಿನ ಮುಂದೆ ನಿಂತು ಕಲಿಸಿದ್ದನ್ನ ಕಿತ್ಕೊಳ್ಳೋಕ್ಕಾಗಲ್ಲ.

ಕಡೆಗೆ ನಮ್ಮ ಮಾತು. ನಮ್ಮ ದೇಶದಲ್ಲಿ ಎಚ್‌ಐವಿ ಇದ್ದವರನ್ನ ಶಾಲೆಯಿಂದ, ಕೆಲಸದಿಂದ, ಬಾಡಿಗೆ ಮನೆಯಿಂದ, ಆಸ್ಪತ್ರೆಯಿಂದ ದೂರ ಇಡಬಾರದು ಅಂತ 2017ರಲ್ಲಿ ಕಾನೂನು ಆಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ. ಪರೀಕ್ಷೆಯೂ ಮಾತ್ರೆಯೂ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. 1097ಕ್ಕೆ ಫೋನ್ ಮಾಡಿದರೆ ಹೆಸರು ಹೇಳದೆಯೇ ಪ್ರಶ್ನೆ ಕೇಳಬಹುದು. ಈ ನಂಬರನ್ನ ಇವತ್ತೇ ಹಾಸ್ಟೆಲಿನ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. ಆದರೆ ಕಾನೂನು ರೂಮಿನೊಳಗೆ ಬರೋದಿಲ್ಲ. ಪಕ್ಕದ ಮಂಚದವನು ಒಂದು ರಾತ್ರಿ 'ನನಗೆ ಭಯ ಆಗ್ತಿದೆ ಕಣೋ' ಅಂದರೆ ನಾವು ನಗ್ತೀವಾ, ನಾಲ್ಕು ಜನಕ್ಕೆ ಹೇಳ್ತೀವಾ, ಅವನ ಜೊತೆ ಆಸ್ಪತ್ರೆಗೆ ಹೋಗ್ತೀವಾ? ಗುಗು ಡ್ಲಾಮಿನಿಯ ಕೇರಿಗೆ ಈ ಪ್ರಶ್ನೆ ಬಂದಾಗ ಅದು ತಪ್ಪು ಉತ್ತರ ಕೊಟ್ಟಿತು. ಖಾಯೆಲಿಟ್ಶಾ ಇನ್ನೊಂದು ಉತ್ತರ ಕೊಟ್ಟಿತು. ಎರಡೂ ಬಡವರ ಕೇರಿಗಳೇ.

ಭಾಷಣ ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ ಅಂತ ನಾವು ಹೇಳೋದಿಲ್ಲ, ಹಾಗೆ ಹೇಳಿದರೆ ಯಾರೂ ಕೇಳೋದಿಲ್ಲ ಅಂತ ಗೊತ್ತು. ಒಂದು ಚೆಂಡು ತಂದಿದ್ದೀವಿ. ಎಲ್ಲ ಎದ್ದು ಅಂಗಳಕ್ಕೆ ಬನ್ನಿ, ಎರಡು ಸಾಲು ಮಾಡಿ. ಆಟ ಆಡಿ, ಅಲ್ಲೇ ಕೂತು ಮಾತಾಡೋಣ.